ಅರ್ಧ ದುಡ್ಡು ಗ್ಯಾಲರಿಗೆ ಯಾಕೆ ಕೊಡ್ಬೇಕು?

ನಮಸ್ಕಾರ ಸರ್. ಮಗಳು ಪೇಂಟಿಂಗ್ ಕೋರ್ಸ್ ಮುಗಿಸಿದಾಳೆ, ಇಲ್ಲಿನ ಒಂದು ಗ್ಯಾಲರಿಯೋರು ಅವಳ ಚಿತ್ರಗಳನ್ನ ವಿದೇಶದ ಆರ್ಟ್ ಫೇರ್‌ಗೆ ತಗೊಂಡು ಹೋಗ್ತೀವಿ ಅಂತಿದಾರೆ, ಆದ್ರೆ ಮಾರಾಟ ಆದ್ರೆ ಅರ್ಧ ಅವರಿಗಂತೆ, ಇದು ಹಗಲು ದರೋಡೆ ಅಲ್ವಾ, ಅದರ ಬದಲು ಚಿತ್ರಸಂತೇಲಿ ಕೂತು ಮಾರೋದೇ ವಾಸಿ ಅಲ್ವಾ, ಮೇಲಾಗಿ ಫಾರಿನ್‌ನೋರ ರುಚಿಗೆ ತಕ್ಕಂಗೆ ಬರೀಬೇಕಾಗತ್ತೇನೋ ಅಂತ ರಾಜಾಜಿನಗರದಿಂದ ಬರ್ದಿದೀರಾ.

ಅರ್ಧ ಅನ್ನೋದು ಈ ಲೈನ್‌ನಲ್ಲಿ ಬೆಂಗಳೂರಲ್ಲೂ ಲಂಡನ್ನಲ್ಲೂ ನಡೀತಿರೋ ಲೆಕ್ಕಾನೇ ಸರ್. ಆ ಅರ್ಧಕ್ಕೆ ಅವರೇನು ಕೆಲಸ ಮಾಡ್ತಾರೆ ಅನ್ನೋದನ್ನ ನೋಡಿ. ಫೇರ್‌ನಲ್ಲಿ ಜಾಗದ ಬಾಡಿಗೆ ಚದರ ಮೀಟರ್ ಲೆಕ್ಕ. ಚಿತ್ರದ ಅಳತೆಗೆ ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಫೋಮ್ ಕೂರಿಸಿ ಕಳಿಸ್ಬೇಕು, ಆ ಮರಕ್ಕೂ ಹೀಟ್ ಟ್ರೀಟ್‌ಮೆಂಟ್ ಆಗಿರೋ ಮುದ್ರೆ ಇರ್ಬೇಕು, ಇಲ್ಲಾಂದ್ರೆ ಮಾಲು ಆ ಕಡೆ ಬಂದರಲ್ಲೋ ಏರ್‌ಪೋರ್ಟಲ್ಲೋ ತಡೆದು ನಿಲ್ಲಿಸ್ತಾರೆ. ಇನ್ಶೂರೆನ್ಸ್, ಕಾರ್ಗೋ, ಮಾರಾಟ ಆಗ್ದೇ ಉಳಿದಿದ್ದನ್ನ ವಾಪಸ್ ತರೋ ಖರ್ಚು, ಅದಕ್ಕಿಂತ ಮುಖ್ಯವಾಗಿ ಯಾವ ಕಲಾಕೃತಿ ತೋರಿಸ್ಬೇಕು, ಕೊಳ್ಬೇಕು ಅಂತ ಆರಿಸೋ ಮ್ಯೂಸಿಯಂ ಕ್ಯುರೇಟರ್‌ಗಳ ಹತ್ರ ವರ್ಷಗಟ್ಟಲೆ ಕಲಾವಿದರ ಬಗ್ಗೆ ಮಾತಾಡೋದು, ಇಷ್ಟೂ ಅವರ ಕೈಯಿಂದ ಆಗೋದಾದ್ರೆ ಅರ್ಧ ನ್ಯಾಯವೇ.

ಆದ್ರೆ "ಮೊದಲು ನೀವು ಇಷ್ಟು ಕಟ್ಟಿ, ಪ್ಯಾರಿಸ್‌ನಲ್ಲಿ ಶೋ ಮಾಡಿಸ್ತೀವಿ" ಅಂದ್ರೆ ಒಂದು ರೂಪಾಯೀನೂ ಕೊಡ್ಬೇಡಿ. ದುಡ್ಡು ನಿಮ್ಮಿಂದಲೇ ಬಂದ್ಮೇಲೆ ಚಿತ್ರ ಮಾರೋ ಕಷ್ಟ ಅವರಿಗ್ಯಾಕೆ. ಹೀಗೆ ಸಾಲ ಮಾಡಿ ಕೊಟ್ಟು ದುಡ್ಡು ಕಳ್ಕೊಂಡ ಯುವ ಕಲಾವಿದರ ಪತ್ರಗಳು ನಮಗೆ ಬರ್ತಾನೇ ಇರ್ತವೆ, ಓದೋಕೆ ಸಂಕಟ ಆಗತ್ತೆ.

ಚಿತ್ರಸಂತೆ ಬಿಡ್ಬೇಕಂತೇನಿಲ್ಲ. ಜನವರೀಲಿ ಕುಮಾರಕೃಪಾ ರಸ್ತೇಲಿ ಜನ ಮನೆಮಂದಿ ಸಮೇತ ಬಂದು ಚಿತ್ರ ಕೊಳ್ಳೋದು ಈ ಊರಿನ ದೊಡ್ಡ ಭಾಗ್ಯ. ಆದ್ರೆ ಅಂಥದ್ದೇ ಚಿತ್ರ ಸಂತೇಲಿ 5,000ಕ್ಕೆ, ಗ್ಯಾಲರೀಲಿ 50,000ಕ್ಕೆ ಅಂದ್ರೆ ಕೊಂಡೋರ ನಂಬಿಕೆ ಹೋಗತ್ತೆ, ಹಾಗಾಗಿ ರೇಟ್ ವಿಷಯ ಮೊದಲೇ ಮಾತಾಡ್ಕೊಳ್ಳಿ.

ಇನ್ನು ಫಾರಿನ್ ರುಚಿ. ಭದ್ರಾವತೀಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೇಲಿ ಕಲಿತ ಕಲಾವಿದೆ ಶೀಲಾ ಗೌಡ ಅವರನ್ನೇ ನೋಡಿ. ನಮ್ಮ ರಸ್ತೆಗಳಲ್ಲಿ ದೃಷ್ಟಿ ತಾಗದಿರ್ಲಿ ಅಂತ ಗಾಡಿ ಬಂಪರ್‌ಗೆ ಕೂದಲಿನ ಹಗ್ಗ ಕಟ್ತಾರಲ್ಲ, ಅದನ್ನೇ ತಗೊಂಡು ಸುಮಾರು 4,000 ಮೀಟರ್ ಕೂದಲ ಹಗ್ಗದಲ್ಲಿ ಸ್ಟೀಲ್ ಬಂಪರ್‌ಗಳನ್ನ ತೂಗುಹಾಕಿದ್ರು, ಆ ಕೃತಿ 2009ರಲ್ಲಿ ಇಟಲಿಯ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿನಾಲೆಗೆ ಹೋಯ್ತು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಯಾರ ರುಚಿಗೆ ಬಗ್ಗಿದ್ರು ಹೇಳಿ? ಮಗಳು ಏನು ಬರೀತಿದಾಳೋ ಅದನ್ನೇ ಬರೀಲಿ. ಬಣ್ಣ ಬದಲಾಯ್ಸು, ಸ್ವಲ್ಪ "ಇಂಡಿಯನ್" ಆಗಿ ಕಾಣ್ಲಿ ಅಂತ ಗ್ಯಾಲರಿಯೋರು ಶುರು ಮಾಡಿದ್ರೆ ಅಲ್ಲಿಂದ ಎದ್ದು ಬರೋದೇ ಒಳ್ಳೇದು.

ಸೈನ್ ಹಾಕೋ ಮುಂಚೆ ಯಾವ ಯಾವ ಚಿತ್ರ, ಎಷ್ಟು ಬೆಲೆ, ಡಿಸ್ಕೌಂಟ್ ಕೊಟ್ರೆ ಯಾರ ಪಾಲಿಂದ, ಮಾರಾಟ ಆದ ಎಷ್ಟು ದಿನಕ್ಕೆ ದುಡ್ಡು, ಹಾಳಾದ್ರೆ ಯಾರ ಜವಾಬ್ದಾರಿ, ಎಲ್ಲಾ ಬರವಣಿಗೇಲಿ ಇರ್ಲಿ. ಇನ್ನೊಂದು, ಹೊರಗೆ ಕಳಿಸೋ ಮುಂಚೆ ಇಲ್ಲೇ ಒಂದು ವಾರ ತೋರಿಸಿ, ಗೋಡೆ ಮೇಲಿನ ವಿವರ ಕನ್ನಡದಲ್ಲೂ ಹಾಕಿ ಅಂತ ಮಗಳ ಕೈಲಿ ಕೇಳಿಸಿ. ಒಪ್ಪಿದ್ರೆ ನಮಗೂ ತಿಳಿಸಿ ಸರ್, ಬಂದು ನೋಡ್ತೀವಿ, ಅವಳ ಚಿತ್ರದ ಬಗ್ಗೆ ಬರೀತೀವಿ.

— ಸಂ.