ಅಪ್ಪನ ವಿಲ್: ತೆರಿಗೆಗಿಂತ ಸಾಕ್ಷಿಗಳ ಕಡೆ ಗಮನ ಕೊಡಿ

74 ವರ್ಷದ ಅಪ್ಪ ವಿಲ್ ಬರೆದರೆ ಮನೆಗೆ, ತೋಟಕ್ಕೆ ಉತ್ತರಾಧಿಕಾರ ತೆರಿಗೆ ಬೀಳುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ ಸರ್. ಸತ್ತವರ ಆಸ್ತಿಯ ಮೇಲೆ ಬೀಳುತ್ತಿದ್ದ ಎಸ್ಟೇಟ್ ಡ್ಯೂಟಿ ಎಂಬ ತೆರಿಗೆ 1985ರಲ್ಲೇ ರದ್ದಾಗಿದೆ. ಆದರೆ ಮುಂದೆ ನೀವು ಮನೆ ಮಾರಿದರೆ ಲಾಭದ ಮೇಲೆ ತೆರಿಗೆ ಉಂಟು. ಆಗ ಲೆಕ್ಕಕ್ಕೆ ಬರುವುದು ಅಪ್ಪನಿಗೆ ಬಿದ್ದ ಖರ್ಚು. ಅವರು 1994ರಲ್ಲಿ ಕಟ್ಟಿಸಿದ್ದು ಅಂದಿರಲ್ಲ, ಅದು 2001ಕ್ಕಿಂತ ಹಿಂದಿನದು, ಹಾಗಾಗಿ ಆ ಖರ್ಚಿನ ಬದಲು 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನೂ ಹಿಡಿಯಬಹುದು. ಹಳೇ ರಸೀದಿ, ಕಂದಾಯದ ಚೀಟಿ ಎಸೆಯಬೇಡಿ.

ನನಗೆ ಚಿಂತೆಯಾಗಿದ್ದು ತೋಟದ್ದು. ಅದು ಪಿತ್ರಾರ್ಜಿತವಾದರೆ ಅಪ್ಪ ತಮ್ಮ ಪಾಲನ್ನಷ್ಟೇ ವಿಲ್‌ನಲ್ಲಿ ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ನಿಮ್ಮ ತಂಗಿಗೂ ಸಮಪಾಲಿದೆ. ಅವಳನ್ನು ಕೂರಿಸಿಕೊಂಡೇ ಮಾತಾಡಿ.

ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ನಮ್ಮ ದೊಡ್ಡಪ್ಪನ ವಿಲ್‌ನಲ್ಲಿ ಸಾಕ್ಷಿ ಹಾಕಿದ ಒಬ್ಬರು ಅವರಿಗಿಂತ ಮೊದಲೇ ತೀರಿಹೋಗಿದ್ದರು. ಇನ್ನೊಬ್ಬರದು ಬರೀ ಗೀಚಿದ ಸಹಿ, ಹೆಸರಿಲ್ಲ, ವಿಳಾಸವಿಲ್ಲ. ವಿಲ್ ಸಾಬೀತುಪಡಿಸಲು ಸಾಕ್ಷಿ ಬೇಕಾಗಿ, ಆ ಸಹಿ ಯಾರದೆಂದು ಊರೆಲ್ಲ ಕೇಳುತ್ತಾ ಆರು ತಿಂಗಳು ಅಲೆದೆವು. ಅಪ್ಪನಿಗಿಂತ ಚಿಕ್ಕ ವಯಸ್ಸಿನ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರನ್ನು ಕರೆಯಿರಿ, ಪೂರ್ತಿ ವಿಳಾಸ ಬರೆಸಿ.