ಮೈಮೇಲಿನ ವಿಮಾನಕ್ಕೂ ಅಳತೆ ಸರಿಯಿರಲಿ

ಹೋದ ತಿಂಗಳು ವಿಮಾನದ ಟ್ಯಾಟೂ ಬಗ್ಗೆ ಒಬ್ಬರು ಕೇಳಿದ್ದಕ್ಕೆ ಎರಡು ಸಾಲಿನ ಉತ್ತರ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳು ಇಷ್ಟೊಂದು ಇರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಹೊಸ ಓದುಗರಿಗೆ ನನ್ನ ಪರಿಚಯ: ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದೆ. ವಿಮಾನದ ಮೈಗೆ ತಗಡು ಕೂರಿಸಿ, ಅದನ್ನು ಬಿಗಿಯುವ ಲೋಹದ ಮೊಳೆ, ಅಂದರೆ ರಿವೆಟ್ ಹೊಡೆಯುವ ಕೆಲಸ. ನಿವೃತ್ತನಾದ ಮೇಲೆ ಸಂಜೆ ಹೊತ್ತು ತಂಗಿಯ ಮಗಳ ಟ್ಯಾಟೂ ಅಂಗಡಿಯಲ್ಲಿ ಕೂರುತ್ತೇನೆ. ವಿಮಾನ ಬೇಕು ಅಂತ ಯಾರಾದರೂ ಬಂದರೆ, 'ಮಾಮ, ಇದನ್ನ ಒಂದ್ಸಲ ನೋಡಿ' ಅಂತ ಅವಳು ಚಿತ್ರ ತಂದು ಮುಂದಿಡುತ್ತಾಳೆ. ಸೂಜಿ ಅವಳದು, ಪೆನ್ಸಿಲ್ ನನ್ನದು.

ಪ್ರಶ್ನೆ: ನಮ್ಮ ತಂದೆ ಎಚ್‌ಎಎಲ್‌ನಲ್ಲಿ ಮರುತ್ ಯುದ್ಧವಿಮಾನ ಕಟ್ಟಿದವರಲ್ಲಿ ಒಬ್ಬರು. ಅವರು ತೀರಿಕೊಂಡು ಮೂರು ವರ್ಷ ಆಯಿತು. ತೋಳಿನ ಮೇಲೆ ಮರುತ್ ಹಾಕಿಸಿಕೊಳ್ಳೋಣ ಅಂತ ಹೋದೆ. ಅಂಗಡಿಯವರು ತೋರಿಸಿದ ಚಿತ್ರ ನೋಡಿ ಯಾಕೋ ಅನುಮಾನ ಬಂತು. ಚಿತ್ರ ಇದರ ಜೊತೆ ಇಟ್ಟಿದ್ದೇನೆ. ಇದು ಮರುತ್ ಹೌದಾ? — ಓದುಗಿ, ಶಿವಮೊಗ್ಗ

ಅಲ್ಲ ತಾಯಿ. ಇದು ಹಂಟರ್. ಬ್ರಿಟನ್ನಿನದು. ನಮ್ಮ ವಾಯುಪಡೆಯಲ್ಲೂ ಇತ್ತು, ಹಿಂದಕ್ಕೆ ಬಾಗಿದ ರೆಕ್ಕೆಯೂ ಇದೆ, ಹಾಗಾಗಿ ದೂರದಿಂದ ನೋಡಿದವರು ತಪ್ಪುವುದು ಸಹಜ. ನಿಮಗೆ ಅನುಮಾನ ಬಂತಲ್ಲ, ಅದು ಮನೆಯಲ್ಲಿ ಅಪ್ಪನ ಫೋಟೋಗಳನ್ನು ನೋಡುತ್ತಾ ಬೆಳೆದ ಕಣ್ಣು.

ಗುರುತು ಹಿಡಿಯುವುದು ಹೀಗೆ. ಮೊದಲು ಗಾಳಿ ಒಳಗೆ ಹೋಗುವ ಬಾಯಿ ನೋಡಿ. ಹಂಟರ್‌ಗೆ ಅದು ರೆಕ್ಕೆಯ ಬುಡದಲ್ಲಿದೆ. ಮರುತ್‌ಗೆ ಪೈಲಟ್ ಕೂರುವ ಜಾಗದ ಎಡಬಲದಲ್ಲಿ, ಮೈಗೆ ಅಂಟಿಕೊಂಡ ಅರ್ಧ ವೃತ್ತದ ಹಾಗೆ. ಆ ಬಾಯೊಳಗೆ ಅರ್ಧ ಸೀಳಿದ ಶಂಕುವಿನಂಥ ಒಂದು ಮೂತಿ ಮುಂದಕ್ಕೆ ಚಾಚಿರುತ್ತದೆ. ಆಮೇಲೆ ಹಿಂದಕ್ಕೆ ಬನ್ನಿ. ಹಂಟರ್‌ಗೆ ಒಂದೇ ಎಂಜಿನ್, ಹೊಗೆ ಬಿಡುವ ಕೊಳವೆಯೂ ಒಂದೇ. ಮರುತ್‌ಗೆ ಎರಡು ಆರ್ಫಿಯಸ್ ಎಂಜಿನ್, ಹಿಂದೆ ಎರಡು ಕೊಳವೆ ಅಕ್ಕಪಕ್ಕ. ಬಾಲದ ಅಡ್ಡ ರೆಕ್ಕೆ ಹಂಟರ್‌ಗೆ ಮೇಲೆ, ನಿಂತ ಬಾಲದ ಮೇಲೆಯೇ ಇದೆ. ಮರುತ್‌ಗೆ ಕೆಳಗೆ, ಮೈಗೇ ಸೇರಿಕೊಂಡಿದೆ. ಇನ್ನೊಂದು ಗುರುತು ನನಗೆ ತುಂಬಾ ಇಷ್ಟ: ಮೇಲಿಂದ ನೋಡಿದರೆ ಮರುತ್‌ನ ಸೊಂಟ ಸಣ್ಣ. ರೆಕ್ಕೆ ಸೇರುವ ಕಡೆ ಮೈ ಒಳಕ್ಕೆ ಹೋಗಿದೆ. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ಕಡಿಮೆ ಆಗಲಿ ಅಂತ ಮಾಡಿದ್ದು. ಆ ಸೊಂಟ ಬಿಟ್ಟು ಬರೆದರೆ ಅದು ಯಾವುದೋ ಜೆಟ್ ಆಗುತ್ತದೆ, ಮರುತ್ ಆಗುವುದಿಲ್ಲ.

ಇಂಟರ್‌ನೆಟ್ ಚಿತ್ರ ನಂಬಬೇಡಿ. ಬೆಂಗಳೂರಿಗೆ ಬನ್ನಿ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮರುತ್ ನಿಂತಿದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೂ ಒಂದಿದೆ. ನೀವೇ ಫೋಟೋ ತೆಗೆಯಿರಿ. ಪಕ್ಕದಿಂದ ತೆಗೆಯುವಾಗ ರೆಕ್ಕೆಯ ಎತ್ತರಕ್ಕೆ ಬಗ್ಗಿ ತೆಗೆಯಿರಿ. ನಿಂತು ತೆಗೆದರೆ ಬಾಲ ಚಿಕ್ಕದಾಗಿ ಕಾಣುತ್ತದೆ, ಟ್ಯಾಟೂನಲ್ಲೂ ಹಾಗೇ ಉಳಿಯುತ್ತದೆ.

ಮರುತ್ ಮೊದಲು ಹಾರಿದ್ದು 1961ರ ಜೂನ್ 17ಕ್ಕೆ, ಇದೇ ಬೆಂಗಳೂರಿನಲ್ಲಿ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬಂದು ನಮ್ಮವರ ಜೊತೆ ಕೂತು ಮಾಡಿದ ವಿನ್ಯಾಸ. ಕಟ್ಟಿದ್ದು ಒಟ್ಟು 147. ಅದರಲ್ಲಿ ನಿಮ್ಮ ತಂದೆಯ ಕೈ ಮುಟ್ಟಿದ್ದು ಎಷ್ಟೋ. ಅವರ ಹಳೇ ಡೈರಿಯಲ್ಲೋ ಫೋಟೋದಲ್ಲೋ ಒಂದು ವಿಮಾನದ ನಂಬರ್ ಸಿಕ್ಕರೆ ಅದನ್ನೇ ಮೈಮೇಲೆ ಬರೆಸಿ. ತಂದೆಯ ಹೆಸರು ಬರೆಸಿದಷ್ಟೇ ಆಯಿತು.

ಪ್ರಶ್ನೆ: ಅಂಕಲ್, ಊರು ಬೀದರ್. ಪಿಯುಸಿ ಎರಡನೇ ವರ್ಷ. ಚಿಕ್ಕಂದಿನಿಂದ ನಮ್ಮ ಮನೆ ಮಾಳಿಗೆ ಮೇಲಿಂದ ವಾಯುಪಡೆಯ ಸೂರ್ಯಕಿರಣ್ ತಂಡದ ಕಸರತ್ತು ನೋಡಿಕೊಂಡೇ ಬೆಳೆದೆ. ಒಂಬತ್ತೂ ವಿಮಾನ ಎದೆ ಮೇಲೆ ಹಾಕಿಸಬೇಕು ಅಂತ ಆಸೆ. ಏರ್‌ಫೋರ್ಸ್ ಸೇರುವ ಆಸೆಯೂ ಇದೆ. ತೊಂದರೆ ಆಗುತ್ತಾ?

ಆಗುತ್ತದೆ ತಮ್ಮಾ. ಎದೆ ಮೇಲೆ ಬೇಡವೇ ಬೇಡ.

ವಾಯುಪಡೆಯ ನಿಯಮ ಸ್ಪಷ್ಟವಾಗಿದೆ. ಅಳಿಯದ ಟ್ಯಾಟೂ ಇದ್ದರೆ ಅದು ಮುಂಗೈಯ ಒಳಭಾಗದಲ್ಲಿ, ಅಂದರೆ ಮೊಣಕೈ ಒಳಗಿನಿಂದ ಮಣಿಕಟ್ಟಿನವರೆಗೆ, ಇಲ್ಲವೇ ಅಂಗೈಯ ಹಿಂಭಾಗದಲ್ಲಿ ಮಾತ್ರ ಇರಬಹುದು. ಬುಡಕಟ್ಟು ಜನರಿಗೆ ಅವರ ಸಂಪ್ರದಾಯದ ಹಚ್ಚೆಗೆ ವಿನಾಯಿತಿ ಇದೆ. ಇಷ್ಟಿದ್ದರೂ ಒಪ್ಪುವುದು ಬಿಡುವುದು ಆಯ್ಕೆ ಕೇಂದ್ರದವರ ಕೈಲಿದೆ. ಎಷ್ಟೋ ವರ್ಷದ ಆಸೆಯನ್ನು ಎರಡು ಗಂಟೆಯ ಸೂಜಿ ಕೆಲಸಕ್ಕೆ ಒತ್ತೆ ಇಡಬೇಡ. ಮೊದಲು ಆಯ್ಕೆ ಆಗು. ಆಮೇಲೆ ಅಲ್ಲಿನ ನಿಯಮ ಕೇಳಿಕೊಂಡು ಮುಂದುವರಿ. ಅಂಕಣಕಾರ ಹೇಳಿದ ಅಂತ ನನ್ನ ಮಾತನ್ನೇ ಹಿಡಿಯಬೇಡ. ನೀನು ಅರ್ಜಿ ಹಾಕುವ ವರ್ಷದ ಪ್ರಕಟಣೆಯಲ್ಲಿ ಆ ಭಾಗವನ್ನು ನೀನೇ ಓದು.

ಇನ್ನು ಚಿತ್ರದ ವಿಷಯ. ಒಂಬತ್ತು ವಿಮಾನದ ವಜ್ರದ ಆಕಾರ ಅಂದರೆ ಮುಂದೆ ಒಂದು, ಆಮೇಲೆ ಎರಡು, ಮೂರು, ಎರಡು, ಕೊನೆಗೆ ಒಂದು. ನೀನು ಕಳಿಸಿದ ಚಿತ್ರದಲ್ಲಿ ಒಂದು, ಮೂರು, ಐದು ಇದೆ. ಲೆಕ್ಕ ಒಂಬತ್ತೇ ಆದರೂ ಅದು ವಜ್ರ ಅಲ್ಲ, ತ್ರಿಕೋನ. 1996ರಲ್ಲಿ ನಿಮ್ಮ ಊರಲ್ಲೇ ಶುರುವಾದ ತಂಡ ಅದು. ಆಗ ಹಾರಿಸುತ್ತಿದ್ದದ್ದು ಕಿರಣ್ ವಿಮಾನ, ಈಗ ಹಾಕ್. ನೀನು ಮಾಳಿಗೆ ಮೇಲಿಂದ ನೋಡಿದ್ದು ಹಾಕ್ ಇರಬೇಕು. ನೋಡಿದ್ದನ್ನೇ ಹಾಕಿಸು.

ಪ್ರಶ್ನೆ: ಬೆರಳಿನ ಮೇಲೆ ಏರ್‌ಬಸ್ ಎ320 ಹಾಕಿಸಬಹುದಾ? ಕಿಟಕಿಗಳೆಲ್ಲ ಕಾಣಬೇಕು. — ಓದುಗ, ತುಮಕೂರು

ಬೇಡ. ಟ್ಯಾಟೂ ಶಾಯಿ ಕೂರುವುದು ಮೇಲಿನ ತೊಗಲಿನ ಕೆಳಗಿನ ಪದರದಲ್ಲಿ, ಒಂದೆರಡು ಮಿಲಿಮೀಟರ್ ಆಳದಲ್ಲಿ. ವರ್ಷ ಕಳೆದಂತೆ ಗೆರೆ ದಪ್ಪ ಆಗುತ್ತದೆ. ಬೆರಳಲ್ಲಂತೂ ಬೇಗ ಮಾಸುತ್ತದೆ. ಅಷ್ಟು ಚಿಕ್ಕ ಜಾಗದ ಕಿಟಕಿಗಳು ಐದು ವರ್ಷಕ್ಕೆ ಒಂದೇ ಕಪ್ಪು ಪಟ್ಟಿ ಆಗುತ್ತವೆ. ಕಿಟಕಿ ಬೇಕು ಅಂದರೆ ಮುಂಗೈ ಉದ್ದಕ್ಕೂ ಹಾಕಿಸಿ. ಬೆರಳೇ ಬೇಕು ಅಂದರೆ ಬರೀ ಬಾಲದ ಹೊರಗೆರೆ ಸಾಕು.

ಪ್ರಶ್ನೆ: ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ಮೊನ್ನೆ ಮೊದಲ ಸಲ ಒಬ್ಬನೇ ಹಾರಿದೆ. ಅದರ ನೆನಪಿಗೆ ಎತ್ತರ ತೋರಿಸುವ ಆಲ್ಟಿಮೀಟರ್ ಹಾಕಿಸುತ್ತಿದ್ದೇನೆ, ಮುಳ್ಳು 1,000 ಅಡಿಗೆ. ಚಿತ್ರ ಸರಿ ಇದೆಯಾ ಸರ್?

ಮೊದಲು ಕೈ ಕೊಡಿ, ಅಭಿನಂದನೆ! ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಮೇಲೆದ್ದ ಆ ಕ್ಷಣ ಮೈಮೇಲೆ ಬರೆಸಿಕೊಳ್ಳುವಂಥದ್ದೇ.

ಆದರೆ ಚಿತ್ರ ತಿದ್ದಬೇಕು. ಜಕ್ಕೂರಿನ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಸಮುದ್ರಮಟ್ಟದ ಲೆಕ್ಕಕ್ಕೆ ಹೊಂದಿಸಿದ ಆಲ್ಟಿಮೀಟರ್ 1,000 ತೋರಿಸಿದರೆ ನೀವು ಜಕ್ಕೂರಿನ ಮಣ್ಣಿನ ಒಳಗೆ 2,000 ಅಡಿ ಕೆಳಗಿದ್ದೀರಿ ಅಂತ ಅರ್ಥ. ನೆಲದಿಂದ ಸಾವಿರ ಅಡಿ ಮೇಲೆ ಸುತ್ತಿದ್ದರೆ ಮುಳ್ಳು ಸುಮಾರು 4,000ದ ಹತ್ತಿರ ಇದ್ದಿರುತ್ತದೆ. ನಿಮ್ಮ ಲಾಗ್‌ಬುಕ್ ದಿನ ಹೇಳುತ್ತದೆ, ಎತ್ತರವನ್ನು ನಿಮ್ಮ ಗುರುಗಳ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ.

ಮುಳ್ಳುಗಳು ಒಂದಕ್ಕೊಂದು ಹೊಂದಬೇಕು, ಗಡಿಯಾರದ ಹಾಗೆ. ಉದ್ದ ಮುಳ್ಳು ನೂರರ ಲೆಕ್ಕ, ಗಿಡ್ಡ ಮುಳ್ಳು ಸಾವಿರದ ಲೆಕ್ಕ. 4,000 ಅಂದರೆ ಗಿಡ್ಡದ್ದು ಸರಿಯಾಗಿ 4ರ ಮೇಲೆ, ಉದ್ದದ್ದು 0 ಮೇಲೆ. 3,900 ಆದರೆ ಉದ್ದದ್ದು 9ಕ್ಕೆ, ಗಿಡ್ಡದ್ದು 4ಕ್ಕೆ ಇನ್ನೇನು ಮುಟ್ಟುವಂತೆ. ನಿಮ್ಮ ಚಿತ್ರದಲ್ಲಿ ಉದ್ದದ್ದು 5ರ ಮೇಲಿದೆ, ಗಿಡ್ಡದ್ದು ನೇರ 1ಕ್ಕೆ ಕೂತಿದೆ. ಅಂಥ ಎತ್ತರ ಆಕಾಶದಲ್ಲಿ ಎಲ್ಲೂ ಇಲ್ಲ. ಹತ್ತು ಸಾವಿರದ ಸಣ್ಣ ಮುಳ್ಳನ್ನೂ ಮರೆಯಬೇಡಿ. ಅದು 0 ಮತ್ತು 1ರ ನಡುವೆ, ಅರ್ಧಕ್ಕಿಂತ ತುಸು ಹಿಂದೆ ಇರಬೇಕು.

ಪ್ರಶ್ನೆ: ಮಗಳು ವಿಮಾನ ದುರಸ್ತಿಯ ಎಎಂಇ ಕೋರ್ಸ್ ಓದುತ್ತಿದ್ದಾಳೆ. ಮಿಗ್-21 ಸೇವೆಯಿಂದ ಹೋದ ದಿನ ಅತ್ತಳು. ಈಗ ಕೈಮೇಲೆ ಅದನ್ನು ಹಾಕಿಸುತ್ತೇನೆ ಅಂತ ಹಟ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಸ್ವಾಮಿ? — ಒಬ್ಬ ತಂದೆ, ದಾವಣಗೆರೆ

ಸ್ವಾಮಿ, ನಿಮ್ಮ ಅಜ್ಜಿಯ ಕೈ ನೆನಪು ಮಾಡಿಕೊಳ್ಳಿ. ನಮ್ಮ ಅವ್ವನ ಎಡಗೈ ಮೇಲೆ ತುಳಸಿಕಟ್ಟೆ, ಅದರ ಕೆಳಗೆ ಅವಳ ಅಣ್ಣನ ಹೆಸರು ಇತ್ತು. ಹತ್ತು ವರ್ಷದವಳಿದ್ದಾಗ ಬಾಗಿಲಿಗೆ ಬಂದ ಕೊರವಂಜಿ ಹಾಕಿದ ಹಚ್ಚೆ. ಹೆಸರು ಓದಲು ಅವ್ವನಿಗೆ ಬರುತ್ತಿರಲಿಲ್ಲ. ಬೆರಳಲ್ಲಿ ಸವರುತ್ತಿದ್ದಳು. ನಮ್ಮ ಹೆಣ್ಣುಮಕ್ಕಳು ತಮಗೆ ಬೇಕಾದವರನ್ನು ಕೈಮೇಲೆ ಇಟ್ಟುಕೊಂಡದ್ದು ಇವತ್ತು ನಿನ್ನೆಯದಲ್ಲ.

1963ರಲ್ಲಿ ಬಂದ ಮಿಗ್-21 ಹೋದದ್ದು 2025ರ ಸೆಪ್ಟೆಂಬರ್ 26ಕ್ಕೆ, ಚಂಡೀಗಢದಲ್ಲಿ. ಅರವತ್ತೆರಡು ವರ್ಷ. ನಾಶಿಕ್‌ನ ಎಚ್‌ಎಎಲ್‌ನಲ್ಲಿ ನಮ್ಮವರೇ ಕಟ್ಟಿದ ವಿಮಾನ. ಅದಕ್ಕೆ ಅತ್ತ ಹುಡುಗಿ ಕೆಲಸಕ್ಕೆ ಸೇರಿದರೆ ನಟ್ಟು ಬಿಗಿಯುವಾಗ ಎಚ್ಚರ ತಪ್ಪುವುದಿಲ್ಲ, ಬರೆದಿಟ್ಟುಕೊಳ್ಳಿ.

ಬೇಡ ಅನ್ನುವ ಬದಲು ಜೊತೆಗೆ ಹೋಗಿ. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು. ಶಾಯಿ ಬೇರೆ ಪುಟ್ಟ ಬಟ್ಟಲಿಗೆ ಸುರಿದುಕೊಂಡಿರಬೇಕು, ಉಳಿದದ್ದನ್ನು ಚೆಲ್ಲಬೇಕು. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತು ಜನಕ್ಕೆ ಹಾಕುವ ಕಡೆ ಹೋಗಲೇಬಾರದು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲ ಹರಡುವುದು ಹಾಗೆ. ಗಾಯ ಮಾಯ್ದ ಮೇಲೆ ಗಂಟು ಏಳುವ ಮೈಯಾದರೆ, ಸಕ್ಕರೆ ಕಾಯಿಲೆ ಇದ್ದರೆ, ಮೊದಲು ಡಾಕ್ಟರನ್ನು ಕೇಳಿ. ಹಾಕಿಸಿದ ಮೇಲೆ ಎರಡು ಮೂರು ವಾರ ಹ್ಯಾಂಗರ್‌ಗೆ ಹೋಗುವಾಗ ಕೈ ಮುಚ್ಚಿರಲಿ. ವಿಮಾನದ ಹೈಡ್ರಾಲಿಕ್ ಎಣ್ಣೆ ಬಿದ್ದರೆ ಒಳ್ಳೇ ಚರ್ಮವೇ ಉರಿಯುತ್ತದೆ, ಇನ್ನು ಹಸಿ ಗಾಯದ ಪಾಡೇನು? ಮತ್ತೆ, ಮಿಗ್-21ಕ್ಕೆ ತ್ರಿಕೋನದ ರೆಕ್ಕೆ ಇದೆ, ಹಿಂದೆ ಬಾಲಕ್ಕೆ ಬೇರೆ ಅಡ್ಡ ರೆಕ್ಕೆಯೂ ಇದೆ. ಅದನ್ನು ಬಿಟ್ಟು ಬರೆದ ಚಿತ್ರ ಸುಮಾರು ನೋಡಿದ್ದೇನೆ. ಮಗಳಿಗೆ ಗೊತ್ತಿರುತ್ತದೆ. ಹಾಕುವವರಿಗೆ ಗೊತ್ತಿದೆಯಾ ಅಂತ ನೋಡಿ.

ಪ್ರಶ್ನೆ: ದುಬೈಯಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಊರು ಮಂಗಳೂರು. ವಿಮಾನ ಬಜಪೆಯಲ್ಲಿ ಇಳಿಯುವ ಹೊತ್ತಿಗೆ ಕಣ್ಣು ತುಂಬುತ್ತದೆ. ರನ್‌ವೇಯ 24 ಅನ್ನುವ ಅಂಕಿಯನ್ನು ಮಣಿಕಟ್ಟಿಗೆ ಹಾಕಿಸಬೇಕು ಅಂತಿದ್ದೇನೆ. ಹೇಗಿರುತ್ತೆ?

ಯೋಚನೆ ಒಳ್ಳೆಯದು. ಪೂರ್ತಿ ವಿಮಾನಕ್ಕಿಂತ ಎರಡು ಅಂಕಿ ಎಷ್ಟೋ ಹೇಳುತ್ತದೆ. ತಿಳಿಯದವರಿಗೆ ಅರ್ಥ ಹೇಳುತ್ತೇನೆ: ರನ್‌ವೇ ತೋರಿಸುವ ದಿಕ್ಕನ್ನು ದಿಕ್ಸೂಚಿಯಲ್ಲಿ ಅಳೆದು, ಹತ್ತಿರದ ಹತ್ತಕ್ಕೆ ತಂದು, ಕೊನೆಯ ಸೊನ್ನೆ ತೆಗೆದರೆ ಸಿಗುವುದೇ ಆ ಅಂಕಿ. ಸುಮಾರು 240 ಡಿಗ್ರಿ ದಿಕ್ಕಿಗೆ 24. ಅದೇ ರನ್‌ವೇಗೆ ಆ ತುದಿಯಿಂದ ಬಂದರೆ 06. ಎರಡರ ನಡುವೆ ಯಾವತ್ತೂ 18 ವ್ಯತ್ಯಾಸ.

ಆದರೆ ಒಂದು ಮಾತು ಹೇಳದೆ ಇರಲಾರೆ. 2010ರ ಮೇ 22ರಂದು ದುಬೈಯಿಂದ ಹೊರಟ ವಿಮಾನ ಅನಾಹುತಕ್ಕೆ ಸಿಕ್ಕಿದ್ದು ಆ 24ರಲ್ಲೇ. 158 ಜನ ಹೋದರು. ಉಳಿದವರು ಎಂಟೇ ಮಂದಿ. ನಿಮ್ಮ ಊರಲ್ಲಿ, ನೀವಿರುವ ಊರಲ್ಲೂ, ಅವರ ಮನೆಯವರು ಇದ್ದಾರೆ. ಅವರಲ್ಲಿ ಯಾರಾದರೂ ನಿಮ್ಮ ಮಣಿಕಟ್ಟು ನೋಡಿದರೆ 24 ಬೇರೆ ಅರ್ಥ ಕೊಡುತ್ತದೆ. ನಿಮ್ಮ ಪ್ರೀತಿ ನನಗೆ ಅರ್ಥ ಆಗುತ್ತದೆ. ನಾನಾಗಿದ್ದರೆ 06 ಹಾಕಿಸುತ್ತಿದ್ದೆ. ನೆಲ ಅದೇ, ರನ್‌ವೇ ಅದೇ. ಅಂಕಿ ಬೇಡ ಅನ್ನಿಸಿದರೆ ನಿಮ್ಮ ಟಿಕೆಟ್ ಮೇಲೆ ಮಂಗಳೂರು ನಿಲ್ದಾಣಕ್ಕೆ ಬರುವ ಮೂರಕ್ಷರ ಇದೆಯಲ್ಲ, ಐಎಕ್ಸ್ಇ, ಅದು ಇರಲಿ.

ಪ್ರಶ್ನೆ: ಎಲ್ಲರಿಗೂ ಹೇಳುತ್ತೀರಿ, ನೀವು ಹಾಕಿಸಿಕೊಂಡಿದ್ದೀರಾ? — ಓದುಗಿ, ಹಾಸನ

ಹೌದು. ನಿವೃತ್ತನಾದ ವಾರವೇ. ಎಡ ಮುಂಗೈ ಮೇಲೆ ಏಳು ಸೊನ್ನೆ, ಒಂದೇ ಸಾಲಿನಲ್ಲಿ. ಏಳು ರಿವೆಟ್.

ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗೆ ಒಬ್ಬ ಗನ್ ಹಿಡಿಯುತ್ತಾನೆ. ಒಳಗೆ ಇನ್ನೊಬ್ಬ ಡಾಲಿ ಅಂತ ಕರೆಯುವ ಉಕ್ಕಿನ ತುಂಡನ್ನು ರಿವೆಟ್‌ನ ಬಾಲಕ್ಕೆ ಒತ್ತಿ ಹಿಡಿಯುತ್ತಾನೆ. ಕಿರಣ್ ರೆಕ್ಕೆಯ ಮೇಲೆ ನಾನು ಗನ್ ಹಿಡಿದೆ, ನನ್ನ ಗೆಳೆಯ ಡಾಲಿ ಹಿಡಿದ. ಎಷ್ಟೋ ದಿನ ಅವನ ಮುಖ ಕಾಣದೆ ಕೆಲಸ ಮಾಡಿದ್ದೇನೆ. ಒಂದು ತಟ್ಟಿದರೆ 'ಸರಿ', ಎರಡು ತಟ್ಟಿದರೆ 'ಇನ್ನೊಂದು ಸಲ ಹೊಡಿ'. ತಗಡಿನ ಆ ಕಡೆಯಿಂದ ಬರುವ ಆ ಸದ್ದೇ ನಮ್ಮ ಮಾತು.

ಅವನೂ ಹಾಕಿಸಿಕೊಂಡ, ನನ್ನ ಜೊತೆಗೇ. ನನ್ನದು ಹೊರಗಿನ ಬದಿ, ತಗಡಿಗೆ ಸಮನಾಗಿ ಕೂತ ತಲೆಗಳು, ಒಂದೊಂದೂ ಆರು ಮಿಲಿಮೀಟರ್‌ಗೆ ತುಸು ಕಡಿಮೆ, ದುಂಡಗೆ. ಅವನದು ಒಳಗಿನ ಬದಿ. ಏಟು ತಿಂದು ಅರಳಿದ ಬಾಲ, ಐದು ಮಿಲಿಮೀಟರ್‌ಗಿಂತ ಚಿಕ್ಕದು. ಪೂರ್ತಿ ದುಂಡಗಿಲ್ಲ, ಕೈಯಲ್ಲಿ ಹೊಡೆದದ್ದು ಹೇಗಿರುತ್ತದೋ ಹಾಗೆ. ಸಾಲಿನ ಅಂತರ ಮಾತ್ರ ಇಬ್ಬರದೂ ಒಂದೇ. ಸ್ಕೇಲ್ ಇಟ್ಟು ನಾನೇ ಗುರುತು ಹಾಕಿದ್ದೆ. ಈಗಲೂ ಭೇಟಿಯಾದಾಗ ಅವನು ತನ್ನ ಕೈಯನ್ನು ನನ್ನ ಕೈಗೆ ಒತ್ತಿ ಹಿಡಿದು ಒಂದು ಸಲ ತಟ್ಟುತ್ತಾನೆ.