ಲೋಜ್ಬಾನ್ ವಾಕ್ಯನ ಪ್ರೊಲಾಗ್‌ಗೆ ಹಾಕಿದ್ರೆ ಎಲ್ಲದಕ್ಕೂ ಟ್ರೂ ಬರೋದು ಯಾಕೆ

ತರ್ಕದ ಮೇಲೆ ಕಟ್ಟಿದ ಕೃತಕ ಭಾಷೆ ಲೋಜ್ಬಾನ್‌ನ 'ಮಿ ಕ್ಲಾಮ', ಅಂದ್ರೆ ನಾನು ಹೋಗ್ತೀನಿ ಅಂತ ಒಂದೇ ವಾಕ್ಯನ ಪ್ರೊಲಾಗ್ ಅನ್ನೋ ತರ್ಕದ ಪ್ರೋಗ್ರಾಮಿಂಗ್ ಭಾಷೆಗೆ ಸೇರಿಸಿದ್ಮೇಲೆ ಅಂಗಡಿಗಾ, ಮನೆಗಾ, ಏನ್ ಕೇಳಿದ್ರೂ ಟ್ರೂ ಬರ್ತಿದೆ ಅಂದ್ರಲ್ಲ, ಬಹುಶಃ ನೀವು ಖಾಲಿ ಜಾಗಗಳಿಗೆ ಅಂಡರ್‌ಸ್ಕೋರ್ (_) ತುಂಬಿದೀರ. ಕ್ಲಾಮಗೆ ಐದು ಜಾಗ: ಹೋಗೋರು, ಎಲ್ಲಿಗೆ, ಎಲ್ಲಿಂದ, ಯಾವ ದಾರಿ, ಯಾವ ವಾಹನ. ಬಿಟ್ಟ ಜಾಗದಲ್ಲಿ ಲೋಜ್ಬಾನ್ 'ಜೊಹೆ' ಇದೆ ಅಂದ್ಕೊಳುತ್ತೆ, ಅಂದ್ರೆ ಸಂದರ್ಭಕ್ಕೆ ತಕ್ಕ ಯಾವುದೋ ಒಂದು, ಆದ್ರೆ ಪ್ರೊಲಾಗ್ ಫ್ಯಾಕ್ಟ್ (ನಿಜ ಅಂತ ಸೇರಿಸಿಟ್ಟ ಹೇಳಿಕೆ) ಒಳಗಿನ ಅಂಡರ್‌ಸ್ಕೋರ್ ಅಂದ್ರೆ 'ಯಾವುದಾದ್ರೂ ಸರಿ, ಎಲ್ಲವೂ', ಹಂಗಾಗಿ ನಿಮ್ಮ ವಾಕ್ಯ 'ನಾನು ಎಲ್ಲಾ ಕಡೆಗೂ ಹೋಗ್ತೀನಿ' ಆಗೋಗಿದೆ.

ಮೊದ್ಲು ಪ್ರತಿ ಪದಕ್ಕೆ ಎಷ್ಟು ಜಾಗ ಅಂತ ನಿಘಂಟು ನೋಡಿ ಒಂದು ಟೇಬಲ್ ಮಾಡ್ಕೊಳ್ಳಿ. ಆಮೇಲೆ ಫ್ಯಾಕ್ಟ್ ಸೇರಿಸೋವಾಗ ಪ್ರತಿ ಖಾಲಿ ಜಾಗಕ್ಕೂ ಪ್ರತಿ ಸಲ ಹೊಸ ಹೆಸರು ಕೊಡೋ ಜೆನ್‌ಸಿಮ್‌ನಿಂದ ಒಂದು ಹೆಸರು ಹುಟ್ಟಿಸಿ, ಜೊಹೆ1, ಜೊಹೆ2 ಹೀಗೆ, ಒಂದೇ ಹೆಸರನ್ನ ಎರಡು ಕಡೆ ಹಾಕ್ಲೇಬೇಡಿ. ಪ್ರಶ್ನೆ ಕೇಳೋವಾಗ ಅಂಡರ್‌ಸ್ಕೋರ್ ಇರ್ಲಿ, ಅಲ್ಲಿ ಅದು ಸರಿಯಾಗೇ 'ಯಾವುದೋ ಒಂದು' ಅಂತ ಕೆಲ್ಸ ಮಾಡುತ್ತೆ. ವಾಕ್ಯದಲ್ಲಿ 'ಮಾ' ಅನ್ನೋ ಪ್ರಶ್ನೆಪದ ಇದ್ರೆ ಅಲ್ಲಿ ಹೆಸರಿರೋ ವೇರಿಯಬಲ್ ಕೊಡಿ, ಉತ್ತರ ಅದ್ರಲ್ಲಿ ಬರುತ್ತೆ.

ಇನ್ನೊಂದು, 'ಸುತ್ರ ಬಝ್ರ' (ವೇಗವಾಗಿ ಓಡೋದು) ಥರ ಎರಡು ಪದ ಅಕ್ಕಪಕ್ಕ ಬಂದ್ರೆ ಒಡೆದು ಎರಡು ಫ್ಯಾಕ್ಟ್ ಮಾಡ್ಬೇಡಿ, ಒಂದೇ ಹೊಸ ಪ್ರೆಡಿಕೇಟ್ (ಫ್ಯಾಕ್ಟ್‌ನಲ್ಲಿರೋ ಸಂಬಂಧದ ಹೆಸರು) ಮಾಡಿ. ಲೋಜ್ಬಾನ್‌ನಲ್ಲಿ ಗೊಂದಲ ಇಲ್ಲ ಅನ್ನೋದು ವ್ಯಾಕರಣಕ್ಕೆ ಮಾತ್ರ, ಜೋಡಿಪದದ ಅರ್ಥಕ್ಕಲ್ಲ.

ನಿಮ್ಮ ಪೂರ್ತಿ ಕೋಡ್ ನೋಡಿಲ್ಲ, ಬೇರೆ ಕಡೆನೂ ತಪ್ಪಿರಬಹುದು. ಇಷ್ಟು ಮಾಡಿ 'ಮಿ ಕ್ಲಾಮ ಲೆ ಜರ್ಶಿ' ಅಂತ ಅಂಗಡಿ ಬಗ್ಗೆ ಮತ್ತೆ ಕೇಳಿ, ಫಾಲ್ಸ್ ಬರ್ಬೇಕು. ಆಗ್ಲೂ ಟ್ರೂ ಬಂದ್ರೆ ಹಳೇ ಫ್ಯಾಕ್ಟ್ ಮೆಮೊರಿಲಿ ಉಳ್ಕೊಂಡಿರಬಹುದು, ಫ್ಯಾಕ್ಟ್ ಅಳಿಸೋ ರಿಟ್ರ್ಯಾಕ್ಟ್‌ಆಲ್ ಕೊಟ್ಟು ತೆಗೀರಿ.